ಮರೀನಾಳ ಮುಸುಕು

ಈಸ್ಟರ್ ಹಬ್ಬದ ಹಿಂದಿನ ಬೆಳಿಗ್ಗೆ ಕಾಸಾಲ್ಮಾರಾ ಊರಿನ ನೆಲದಡಿಯ ಇಗರ್ಜಿಯ ಬೀಗ ಮುರಿದುಬಿದ್ದಿತ್ತು. ಮೊದಲು ಕಂಡವನು ಫುಲ್ವಿಯೊ, ಅಲ್ಲಿನ ಭಿತ್ತಿಚಿತ್ರಗಳನ್ನು ಸರಿಪಡಿಸಲು ಬೊಲೊನ್ಯಾದಿಂದ ಬಂದಿದ್ದ ತಜ್ಞ. ಹಿಂದಿನ ದಿನವೂ ರಾತ್ರಿಯೂ ಬಾರಿ ನಗರದಲ್ಲಿದ್ದ ಅವನು ಮೊದಲ ಬಸ್ಸಿಳಿದು ನೇರ ಅಲ್ಲಿಗೆ ಹೋಗಿ, ಕೂಗಿ ಊರು ಸೇರಿಸಿದ.

ಒಳಗೆ ಬೆಳ್ಳಿಯ ದೀಪ ಇದ್ದಲ್ಲೇ ಇತ್ತು. ಜನ ಉಸಿರು ಬಿಟ್ಟರು. ಬೀಗದ ಕೈ ಕಾಯುವ ಮೆನಾ ಅತ್ತೆಗೆ ಮಾತ್ರ ಸಮಾಧಾನವಾಗಲಿಲ್ಲ. ಹಬ್ಬಕ್ಕೆ ಎರಡು ವಾರ ಮೊದಲು ಸಂತ ಮರೀನಾಳ ಚಿತ್ರದ ಮೇಲೆ ಹಾಕಿದ್ದ ನೇರಳೆ ಮುಸುಕನ್ನು ಮೆಲ್ಲಗೆ ಎತ್ತಿದಳು.

ಹಿಂದೆ ಬರಿಯ ಗೋಡೆಯಿತ್ತು.

ಮಧ್ಯಾಹ್ನದ ಹೊತ್ತಿಗೆ ಮೆನಾ ಔಷಧಿ ಅಂಗಡಿಯಲ್ಲಿ ನಿಂತಿದ್ದಳು. ಊರಿನಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅಂಗಡಿಯ ಒಡತಿ, ಎಲ್ಲರೂ ಡಾಕ್ಟ್ರು ಎಂದೇ ಕರೆಯುತ್ತಿದ್ದ ದೊನಾತಾಳ ಬಳಿ ಬರುತ್ತಿದ್ದರು. ಅವಳ ಕೈಕೆಳಗೆ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿದ್ದ ಪಾಂತಲೇಯೊ ಮುದುಕಿಗೆ ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ.

"ನನ್ನ ಮಗ ಬಿಯಾಜಿಯೊನ ಹಿಡ್ಕೊಂಡು ಹೋದ್ರು ಡಾಕ್ಟ್ರೇ. ರಾತ್ರಿ ಕುಡಿದು ಇಗರ್ಜಿ ಮೆಟ್ಟಿಲ ಮೇಲೇ ಬಿದ್ದಿದ್ನಂತೆ. ಒಂದ್ಸಲ ಜೈಲಿಗೆ ಹೋಗಿಬಂದವನು. ಇನ್ನು ಹೋದ್ರೆ ನಾನಿರೋವಾಗ ವಾಪಸ್ ಬರಲ್ಲ."

"ಅವನಲ್ಲ ಅಂತ ತೋರಿಸ್ಬೇಕಾ?"

"ಹಾಗಂತ ಕೇಳಕ್ಕೆ ಬಂದಿಲ್ಲ," ಎಂದಳು ಮೆನಾ. "ಅವನೋ ಅಲ್ವೋ, ನಿಜ ಹೇಳಿ. ಸಾಕು."

ಪಾಂತಲೇಯೊ ಮುಖ ತಿರುಗಿಸಿದ. ಬಿಯಾಜಿಯೊನೇ ಕದ್ದಿರಬೇಕೆಂದು ಅವನೂ ಅಂದುಕೊಂಡಿದ್ದ.

ಹೊರಗೆ ಹೆಣದ ಪೆಟ್ಟಿಗೆ ಅಂಗಡಿಯವನು ಎದುರು ಗೋಡೆಗೆ ಸಾವಿನ ಸುದ್ದಿಯ ಹಾಳೆ ಅಂಟಿಸುತ್ತಿದ್ದ. ಅದು ಮತ್ತೆ ಮತ್ತೆ ಜಾರುತ್ತಿತ್ತು.

"ಈ ಹಾಳು ತೇವದ ತೆಂಕಣ ಗಾಳಿ ಶುರುವಾದಾಗಿನಿಂದ ಸತ್ತವರೂ ನೆಟ್ಟಗೆ ನಿಲ್ತಿಲ್ಲ!" ಎಂದು ಅವನು ಬೈದ.

ದೊನಾತಾ ಜಾರುವ ಹಾಳೆಯನ್ನೇ ನೋಡಿದಳು. ಆಮೇಲೆ ಕೋಟು ತೆಗೆದುಕೊಂಡಳು.

ನೆಲದಡಿಯಲ್ಲಿ ಗೋಡೆಗಳು ಬೆವರುತ್ತಿದ್ದವು. ಗ್ರೀಕ್ ಸನ್ಯಾಸಿಗಳು ಬರೆದ ಉಳಿದ ಸಂತರು ದೊಡ್ಡ ಕಣ್ಣು ಬಿಟ್ಟುಕೊಂಡು, ತೇವದಲ್ಲಿ ಹೊಳೆಯುತ್ತ ನಿಂತಿದ್ದರು. ಪಾಂತಲೇಯೊಗೆ ಅವರೂ ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು. ಮರೀನಾ ಇದ್ದಲ್ಲಿ ಮಸುಕು ಆಕಾರವೊಂದೇ ಉಳಿದಿತ್ತು. ಅಂಚಿನಲ್ಲಿ ಅಂಟು ಮೆತ್ತಿದ ಬಟ್ಟೆಯ ಎಳೆಗಳಿದ್ದವು. ಬರಿಗೋಡೆ ಅಲ್ಲಲ್ಲಿ ನೇರಳೆಯಾಗಿತ್ತು.

"ಹಳೇ ಬಣ್ಣ," ಎಂದ ಪೊಲೀಸ್ ಅಧಿಕಾರಿ ಲೊರುಸ್ಸೊ.

ದೊನಾತಾ ಉಗುರಿನಿಂದ ಕೆರೆದಳು. ಕೆರೆದಷ್ಟೂ ನೇರಳೆಯೇ ಬಂತು.

"ಫಾದರ್, ಈ ಮುಸುಕು ಹಾಕಿದ್ದು ಯಾರು?"

"ಮೂರ್ತಿಗಳಿಗೆ ನಾನೇ ಹಾಕ್ದೆ," ಎಂದರು ಪಾದ್ರಿ ವೀತೊ. "ಗೋಡೆ ಮೇಲಿನ ಸಂತರಿಗೆ ನಮ್ಮಲ್ಲಿ ಹಾಕೋ ರೂಢಿ ಇಲ್ಲ. ಈ ಸಲ ಮರೀನಾಗೂ ಹಾಕೋಣ, ಭಕ್ತಿ ಜಾಸ್ತಿ ಆಗುತ್ತೆ ಅಂತ ಫುಲ್ವಿಯೊನೇ, ತಾನು ಕೆಲಸಕ್ಕೆ ಕಟ್ಟಿಕೊಂಡಿದ್ದ ಪರದೆಯೊಳಗೆ ಏಣಿ ಹತ್ತಿ ಹಾಕಿಕೊಟ್ಟ. ಹಾಕಿದ ಮೇಲೆ ಹಬ್ಬದ ತನಕ ಯಾರು ಮುಟ್ತಾರೆ?"

"ಒಳ್ಳೆ ಮನುಷ್ಯ."

"ತುಂಬ. ನನ್ನ ಮನೆಯಲ್ಲೇ ಇರಪ್ಪಾ ಅಂದೆ. ತೊಂದರೆ ಕೊಡಲ್ಲ ಅಂತ ಬೇಕರಿ ಮೇಲಿನ ಕೋಣೇಲಿ ಬೇಯ್ತಾ ಇದ್ದಾನೆ."

ಸಂಜೆ ದೊನಾತಾ ಎಲ್ಲರನ್ನೂ ನೆಲದಡಿಯ ಇಗರ್ಜಿಗೇ ಕರೆಸಿದಳು. ಲೊರುಸ್ಸೊ ಬಿಯಾಜಿಯೊನನ್ನು ತೋಳು ಹಿಡಿದು ತಂದ. ಮೆನಾ ಮಗನಿಂದ ದೂರ ನಿಂತಳು. ಫುಲ್ವಿಯೊ ಗಡಿಯಾರ ನೋಡಿಕೊಂಡ.

"ಪೂಜೆಗೆ ಹೊತ್ತಾಯ್ತು ಡಾಕ್ಟ್ರೇ. ಕೆಮ್ಮಿನ ಔಷಧಿ ಕೊಡೋಕೆ ಕರೆದ್ರಾ?"

"ನಿಮ್ಮನ್ನೇ ಒಂದು ಕೇಳ್ಬೇಕಿತ್ತು. ಗೋಡೆಯಿಂದ ಚಿತ್ರ ಹೇಗೆ ಕೀಳ್ತಾರೆ?"

"ಬಟ್ಟೆಗೆ ಅಂಟು ಬಳಿದು ಚಿತ್ರದ ಮೇಲೆ ಒತ್ತಬೇಕು. ಅಂಟು ಒಣಗಿ ಬಿಗಿಯಾದಾಗ ಎಳೆದ್ರೆ ಬಣ್ಣದ ಪದರ ಬಟ್ಟೆ ಜೊತೆ ಬರುತ್ತೆ."

"ಒಣಗಿ," ಎಂದಳು ದೊನಾತಾ. "ಬೀದಿ ಗೋಡೆಗೇ ಹಾಳೆ ಅಂಟ್ತಿಲ್ಲ. ಇಲ್ಲಿ ನೀರು ಸುರೀತಿದೆ. ನಿನ್ನೆ ರಾತ್ರಿ ಇಲ್ಲಿ ಯಾವ ಅಂಟೂ ಒಣಗಲ್ಲ ಲೊರುಸ್ಸೊ. ಚಿತ್ರ ಹೋಗಿದ್ದು ಒಣ ಬಡಗಣ ಗಾಳಿ ಬೀಸ್ತಿದ್ದಾಗ, ಮುಸುಕು ಹಾಕೋ ಮೊದಲು."

"ಅಂದ್ರೆ ನಾವು ಇಷ್ಟು ದಿನ ಬರೀ ಗೋಡೆಗೆ ದೀಪ ಹಚ್ತಿದ್ವಾ?" ಎಂದರು ಪಾದ್ರಿ.

"ಹೌದು ಫಾದರ್. ಇದು ಹಳೇ ಬಣ್ಣ ಅಲ್ಲ. ಮುಸುಕಿನ ಬಣ್ಣ ಗೋಡೆಯ ಬೆವರಿಗೆ ಇಳಿದು ಸುಣ್ಣದೊಳಗೆ ಇಂಗಿದೆ. ಇಷ್ಟು ಆಳ ಒಂದು ರಾತ್ರೀಲಿ ಇಂಗಲ್ಲ. ಮುಸುಕಿನ ಹಿಂದೆ ಮರೀನಾ ಇದ್ದಿದ್ರೆ ಬರಿಗೋಡೆಗೆ ಅದು ತಾಕ್ತಾನೇ ಇರ್ಲಿಲ್ಲ. ಇನ್ನೊಂದು. ಬೀಗ ಒಡೆದು ಓಡೋ ಕಳ್ಳ ಬೆಳ್ಳಿ ದೀಪ ಬಿಟ್ಟು, ಮುಸುಕನ್ನ ನೆರಿಗೆ ಹಿಡಿದು ವಾಪಸ್ ಹಾಕ್ತಾನಾ?"

"ಹಾಗಾದ್ರೆ ಬೀಗ?" ಲೊರುಸ್ಸೊ ಕೇಳಿದ.

"ಬೆಳಗಿನ ಜಾವ ನಾನು ಎದ್ದು ಮನೆಗೆ ಹೋಗೋವಾಗ ಗಟ್ಟಿಯಾಗಿತ್ತು," ಎಂದ ಬಿಯಾಜಿಯೊ. "ಬೆಳಿಗ್ಗೆಯಿಂದ ಬಡ್ಕೊಳ್ತಿದೀನಿ."

"ಇವತ್ತು ಮುಸುಕು ತೆಗೆಯೋ ದಿನ," ಎಂದಳು ದೊನಾತಾ. " ಅಷ್ಟರೊಳಗೆ ಕಳ್ಳತನ ಆದ ಹಾಗೆ ಕಾಣ್ಬೇಕಿತ್ತು. ಚಿತ್ರ ಕೀಳೋಕೆ ದಿನಗಳು ಬೇಕು. ಬೀಗ ಒಡೆಯೋಕೆ, ಬಸ್ಸಿಳಿದು ಬಂದು ಕೂಗೋ ಮೊದಲು, ಒಂದು ಗಳಿಗೆ ಸಾಕು. ಬಾರಿ ಪ್ರಯಾಣ ರಾತ್ರಿಗೆ ಸಾಕ್ಷಿ. ಆ ಗಳಿಗೆಗೆ ಅಲ್ಲ."

ಫುಲ್ವಿಯೊ ನಕ್ಕ. "ನೇರಳೆ ಕಲೆ ನೋಡಿ ಜೈಲಿಗೆ ಹಾಕ್ತೀರಾ? ಚಿತ್ರ ಎಲ್ಲಿ?"

"ಅಂಟಿನ ಬಟ್ಟೆ ತೇವ ತಿಂದ್ರೆ ಚಿತ್ರ ಹಾಳು. ಈ ಗಾಳೀಲಿ ಊರಲ್ಲಿ ಒಣಗಿರೋ ಜಾಗ ಒಂದೇ, ಒಲೆ ಮೇಲಿನ ಕೋಣೆ. ತಣ್ಣಗಿನ ಮನೆ ಬಿಟ್ಟು ಬೇಕರಿ ಮೇಲೆ ಬೇಯೋಕೆ ನಿಮಗೆ ಬೇರೆ ಏನು ಕಾರಣ ಇತ್ತು?"

ಲೊರುಸ್ಸೊ ಬಿಯಾಜಿಯೊನ ತೋಳು ಬಿಟ್ಟು ಫುಲ್ವಿಯೊನ ತೋಳು ಹಿಡಿದ. ಹುಡುಕಲು ಪಾಂತಲೇಯೊ ಒಬ್ಬ ಪೇದೆಯ ಜೊತೆ ಹೋದ. ಬೇಕರಿ ಕೋಣೆಯಲ್ಲಿ, ಹೊಗೆಗೂಡಿನ ಬೆಚ್ಚನೆಯ ಗೋಡೆಗೆ ಒರಗಿಸಿ, ಕಂಬಳಿ ಸುತ್ತಿದ ಉದ್ದನೆಯ ಸುರುಳಿಯೊಂದಿತ್ತು. ಅವನು ಅದನ್ನು ಮಗುವಿನಂತೆ ಹೊತ್ತು ತಂದ.

ಮೆನಾ ಮಗನ ಹತ್ತಿರ ಬಂದಳು. "ನಡಿಯಪ್ಪಾ. ಕುರಿಮಾಂಸ ಒಲೆ ಮೇಲಿಟ್ಟು ಬಂದಿದೀನಿ."

ಬಿಯಾಜಿಯೊ ಅಲುಗಲಿಲ್ಲ.

"ಬೆಳಿಗ್ಗೆ ಪೊಲೀಸ್ರು ಬರೋಕೆ ಮುಂಚೆ ನಾನೇ ಕದ್ದಿದೀನಾ ಅಂತ ನೀನು ನನ್ನ ಹಾಸಿಗೆ ಕೆಳಗೆ ಹುಡುಕ್ದೆ," ಎಂದ. "ನಿದ್ದೆ ಬಂದಿರ್ಲಿಲ್ಲ ಅಮ್ಮಾ ನನಗೆ."

ಮೆನಾ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು. ಅವನು ಒಬ್ಬನೇ ಮೆಟ್ಟಿಲು ಹತ್ತಿ ಹೋದ. ಪಾಂತಲೇಯೊ ಅವನಿಗೆ ದಾರಿ ಬಿಟ್ಟುಕೊಟ್ಟ, ಆದರೆ ಮುಖವೆತ್ತಿ ನೋಡಲು ಅವನಿಂದಾಗಲಿಲ್ಲ.