ಕೆಂಪರಾಜು ಬೋರ್ಡಿನ ಕಳ್ಳ

"ಹೇಯ್! ಸ್ಟಾಪ್! ಆ ಬೋರ್ಡು ಕೆಳಗಿಡಿ!"

ಭಾನುವಾರದ ಬೆಳಿಗ್ಗೆ. ನೆವಾರ್ಕಿನ ಆ ಬೀದಿಯಲ್ಲಿ ನಾಯಿಗಳು ತಂತಮ್ಮ ಯಜಮಾನರನ್ನು ವಾಕಿಂಗಿಗೆ ಕರೆತಂದಿದ್ದವು. ಗಾನವಿಯ ಕೂಗಿಗೆ ಅವೆಲ್ಲ ಗಕ್ಕನೆ ನಿಂತವು.

ಬೋರ್ಡು ಹಿಡಿದವನೂ ನಿಂತ.

ಎತ್ತರದ ಆಳು. ತಲೆಯ ಮೇಲೆ ಸೈಕಲ್ ಹೆಲ್ಮೆಟ್ಟು. ಹೆಲ್ಮೆಟ್ಟಿನ ಮೇಲೆ ಎದುರಾಳಿ ಅಭ್ಯರ್ಥಿ ಗ್ಲೋರಿಯಾಳ ಸ್ಟಿಕ್ಕರು. ಕಂಕುಳಲ್ಲಿ ಮಾತ್ರ... ಕೈಮುಗಿದು ನಗುತ್ತಿರುವ ಗಾನವಿಯ ಅಪ್ಪ!

ಮಂಡ್ಯದ ಕೆಂಪರಾಜು ಈ ಸಲ ನೆವಾರ್ಕಿನ ಮೇಯರ್ ಚುನಾವಣೆಗೆ ನಿಂತಿದ್ದರು. ಪ್ರಚಾರವೆಂದರೆ ಇಲ್ಲಿ ಮೈಕಿಲ್ಲ, ಮೆರವಣಿಗೆಯಿಲ್ಲ. ಮನೆಗಳ ಮುಂದಿನ ಹುಲ್ಲಿನಲ್ಲಿ, ರಸ್ತೆಯ ಮೂಲೆಗಳಲ್ಲಿ ತಂತಿಕಾಲಿನ ಪುಟ್ಟ ಪ್ಲಾಸ್ಟಿಕ್ ಬೋರ್ಡು ನೆಟ್ಟರಾಯಿತು. ಉಳಿದವರ ಬೋರ್ಡಿನಲ್ಲಿ ಬರೀ ಹೆಸರು. ಕೆಂಪರಾಜು ಹಠ ಹಿಡಿದು ಕೈಮುಗಿದ ಫೋಟೋ ಹಾಕಿಸಿ, ಕೆಳಗೆ ಕನ್ನಡದಲ್ಲಿ 'ನಿಮ್ಮ ಮನೆಮಗ ಕೆಂಪರಾಜು' ಎಂದು ಬರೆಸಿದ್ದರು.

ಈಚೆಗೆ ಅವೇ ಬೋರ್ಡುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಬೇರೆ ಯಾರದ್ದೂ ಅಲ್ಲ, ಕೆಂಪರಾಜುವಿನದು ಮಾತ್ರ!

"ಕನ್ನಡ ಐತಲ್ಲ, ಅದ್ಕೇ ಕೀಳ್ತಾವ್ರೆ ಕಣವ್ವ," ಎಂದು ಹಿಂದಿನ ದಿನವಷ್ಟೇ ಅಪ್ಪ ಮಗಳ ಮುಂದೆ ಕುಸಿದು ಕೂತಿದ್ದರು. "ಹೊಸ ಬೋರ್ಡಲ್ಲಿ ತೆಗ್ಸಿಬುಡನ. ಇಷ್ಟು ವರ್ಷ ಇದ್ದೂ ಈ ಊರಿಗೆ ನಾನು ಬೇಡ್ವೇನೋ..."

ಸೋಲಿಗೆ ಹೆದರದ ಅಪ್ಪ ಸ್ವಂತ ಭಾಷೆಗೆ ಹೆದರಿದ್ದರು.

ಈಗ ಕಳ್ಳ ಕಣ್ಣೆದುರಿಗಿದ್ದಾನೆ! ಅವಳು ಫೋನು ತೆಗೆದು ಕ್ಲಿಕ್ಕಿಸಿಯೇ ಬಿಟ್ಟಳು.

"ಅಯ್ಯೋ ಯವ್ವಾ..." ಕಳ್ಳನ ಬಾಯಿಂದ ಉದುರಿತು.

"ಕನ್ನಡದವ್ರಾ?!"

"ಹೂಂನ್ರಿ. ಶಿವಶರಣ. ಬಾಗಲಕೋಟಿ."

"ಕನ್ನಡದವ್ರಾಗಿ ಕನ್ನಡ ಬೋರ್ಡೇ ಕೀಳ್ತೀರಲ್ಲಾ, ನಾಚಿಕೆ ಆಗಲ್ವಾ?"

"ಕೀಳಾಕಲ್ಲರಿ, ನೆಡಾಕ..." ಎಂದವನು ನಾಲಿಗೆ ಕಚ್ಚಿಕೊಂಡ.

"ಮತ್ತೆ ಕಿತ್ತಿದ್ದು ಯಾರು?"

ಅವನು ಬೋರ್ಡು ನೋಡಿದ. ಅವಳನ್ನು ನೋಡಿದ. ಅಲ್ಲಿದ್ದವರಲ್ಲಿ ನಗುತ್ತಿದ್ದುದು ಕೆಂಪರಾಜು ಒಬ್ಬರೇ.

"ನಾನ... ತಪ್ಪಾತ್ರಿ. ಎಲ್ಲಾ ವಾಪಸ್ ನೆಡ್ತೀನಿ."

ನೆಟ್ಟ ಕೂಡ! ದಿನಾ ಆಫೀಸು ಬಿಟ್ಟವನು ಸೈಕಲ್ಲಿನ ಹಿಂದೆ ಬೋರ್ಡಿನ ಕೆಂಪರಾಜುವನ್ನು ಕೂರಿಸಿಕೊಂಡು ಬಂದು ಹುಲ್ಲಿನಲ್ಲಿ ನಿಲ್ಲಿಸುತ್ತಿದ್ದ. ಗಾಳಿಗೆ ವಾಲಿದ್ದನ್ನೂ ನೆಟ್ಟಗೆ ಮಾಡುತ್ತಿದ್ದ. ಗಾನವಿ ಮೆನ್ಲೋ ಪಾರ್ಕಿನ ಆಫೀಸಿನಿಂದ ಕೊಲ್ಲಿಯ ಸೇತುವೆ ದಾಟಿ ಓಡಿ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಕಾವಲಿಗೆ! ಬರೀ ಕಾವಲಿಗೆ!

"ಗ್ಲೋರಿಯಾ ಪ್ರಚಾರ ಯಾಕೆ ಮಾಡ್ತೀರಿ?"

"ಸೈಕಲ್ ಲೇನ್ ಹಾಕಸ್ತಾರಂತ್ರಿ."

"ಹಾಗಾದ್ರೆ ನಿಮ್ಮ ಓಟೂ ಅವ್ರಿಗೇನಾ?"

"ನನಗ ಓಟ ಇಲ್ಲರಿ. ಕೆಲಸದ ವೀಸಾದಾಗ ಬಂದವ, ಎಚ್-ಒನ್-ಬಿ. ಓಟಿಲ್ಲದವ ಓಡಾಡಾಕತ್ತೀನಿ ಅಷ್ಟ."

ಗಾನವಿ ಫಕ್ಕನೆ ನಕ್ಕಳು. ಮರುಕ್ಷಣವೇ ತುಟಿ ಕಚ್ಚಿಕೊಂಡಳು. 'ಕಳ್ಳನ ಜೊತೆ ನಗ್ತಿದೀಯಲ್ಲೇ, ಮಂಕೇ!'

ಆದರೆ ಸಾಕ್ಷಿಗೆಂದು ತೆಗೆದ ಫೋಟೋವನ್ನು ಅವಳು ಪೊಲೀಸರಿಗೂ ಕಳಿಸಲಿಲ್ಲ, ಬೀದಿಯವರ ಗ್ರೂಪಿಗೂ ಹಾಕಲಿಲ್ಲ. ಅಪ್ಪನಿಗೂ ತೋರಿಸಲಿಲ್ಲ. ತಾನು ಮಾತ್ರ ಆಗಾಗ ತೆರೆದು ನೋಡುತ್ತಿದ್ದಳು. ಸಾಕ್ಷಿಯನ್ನು ಝೂಮ್ ಮಾಡಿ ಪರೀಕ್ಷಿಸಬೇಕಲ್ಲವೇ?

ಒಂದು ಸಂಜೆ ಅವಳಿಗೆ ತಡೆಯಲಾಗಲಿಲ್ಲ.

"ಶರಣ... ಯಾಕೆ ಕಿತ್ರಿ? ಒಂದೇ ಒಂದು ಕಾರಣ ಹೇಳಿ. ಏನಿದ್ರೂ ನಂಬ್ತೀನಿ."

ಅವನು ತಲೆ ತಗ್ಗಿಸಿದ. "ಹೇಳಾಕ ಆಗಂಗಿಲ್ಲರಿ."

"ನಮ್ಮಪ್ಪ ಊರಿಗೇ ಬೇಡವಾದೆ ಅಂತ ಕೊರಗ್ತಿದಾರೆ! ನಿಮಗೆ ಕಾರಣ ಹೇಳೋಕೂ ಆಗಲ್ವಾ?" ಅವಳ ಕಣ್ಣು ತುಂಬಿತು. "ನಾಳೆಯಿಂದ ಬರಬೇಡಿ. ನಮ್ಮ ಬೋರ್ಡು ನಾವೇ ನೆಡ್ಕೋತೀವಿ."

ಅವನು ಸೈಕಲ್ಲು ತಳ್ಳಿಕೊಂಡು ಹೊರಟುಹೋದ.

ಮರುದಿನ ಅವನು ಬರಲಿಲ್ಲ. ಗಾನವಿ ಮಾತ್ರ ಅದೇ ಮೂಲೆಯಲ್ಲಿ ಸುಮ್ಮನೆ ನಿಂತು ಬಂದಳು.

ಚುನಾವಣೆಯ ಹಿಂದಿನ ಶನಿವಾರ. ಮನೆಮನೆಗೆ ಹೋಗಿ ಮತ ಕೇಳುತ್ತಿದ್ದ ಗಾನವಿ ಒಂದು ಬಾಗಿಲು ತಟ್ಟಿದಳು. ಇಳಕಲ್ ಸೀರೆಯ ಮೇಲೆ ದಪ್ಪ ಸ್ವೆಟರು ತೊಟ್ಟ ಹೆಂಗಸು ಬಾಗಿಲು ತೆರೆದು, ಅವಳ ಮುಖವನ್ನೇ ದಿಟ್ಟಿಸಿದರು.

"ಯವ್ವಾ! ಬೋರ್ಡಿನ ಮೂಗ ಬಂದು ಬಾಗಲದಾಗ ನಿಂತಂಗ ಆತಲ್ಲ! ನೀ ಕೆಂಪರಾಜುನ ಮಗಳೇನು?"

"ನಮ್ಮಪ್ಪ ನಿಮಗೆ ಗೊತ್ತಾ ಅಮ್ಮಾ?"

"ಗೊತ್ತೇನಂತಿ! ದಿನಾ ಅವರ ಮುಖದ ಮ್ಯಾಲೇ ಸಂಡಗಿ ಹಾಕ್ತೀನಿ. ಬಾ, ತೋರಸ್ತೀನಿ!"

ಹಿತ್ತಲಿಗೆ ಕಾಲಿಟ್ಟ ಗಾನವಿ ಕಲ್ಲಾದಳು. ಬಿಸಿಲಿನಲ್ಲಿ ಸಾಲಾಗಿ ಮಲಗಿದ್ದ ಕೆಂಪರಾಜುಗಳು! ಹಣೆ, ಕೆನ್ನೆ, ಮುಗಿದ ಕೈ, ಎಲ್ಲದರ ಮೇಲೂ ಬಿಳಿಬಿಳಿ ಸಂಡಿಗೆ. ಒಬ್ಬ ಅಪ್ಪನ ಮೂಗಿನ ತುದಿಯಲ್ಲಂತೂ ಒಂದು ಒಂಟಿ ಸಂಡಿಗೆ ಒಣಗುತ್ತಿತ್ತು.

"ಇದನ್ನೆಲ್ಲ... ಎಲ್ಲಿಂದ ತಂದ್ರಿ?"

"ವಾಕಿಂಗ್ ಹೋದಾಗ ತಂದೀನಿ. ನಮ್ಮೂರಾಗ ಬ್ಯಾನರ್ ಕಟ್ಟಿ ಎರಡು ದಿನ ಆದ್ರ ಯಾರರ ಒಯ್ದು ದನದ ಕೊಟಗಿಗೆ ಹೊದಸ್ತಾರ, ಯಾರೂ ಕೇಳಂಗಿಲ್ಲ. ಬ್ಯಾರೆಯವರದು ನಾ ಮುಟ್ಟಿಲ್ಲವಾ, ಓದಾಕ ಬರಂಗಿಲ್ಲ, ಯಾರದೋ ಏನೋ. ಇದು ನಮ್ಮ ಕನ್ನಡ! ಮನಿಮಗ ಅಂತ ಬ್ಯಾರೆ ಬರಕೊಂಡಾರ. ನಮ್ಮವರ ಬಿಡು, ಕೇಳೂದೇನೈತಿ ಅಂತ ತಂದೆ. ಬೋರ್ಡಿಗೆ ತಂತಿ ಕಾಲ ಅದಾವ, ಬಗ್ಗಿಸಿ ನಿಲ್ಲಿಸಿದ್ರ ಇರವಿ ಹತ್ತಂಗಿಲ್ಲ!"

ಗಾನವಿಗೆ ನಗು ಬಂತು, ಅಳುವೂ ಬಂತು. ಎರಡೂ ಒಂದೇ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು.

"ಯಾಕೋ ನನ್ನ ಮಗ ಒಂದೊಂದ ಕದ್ದು ಒಯ್ಯಾಕತ್ತಾನ. ಇನ್ನ ತರಬ್ಯಾಡ ಅಂದಾನ. ಯಾಕೋ ಅಂದ್ರ 'ಸುಮ್ನಿರವ್ವಾ' ಅಂತಾನ..."

ಗೇಟಿನಲ್ಲಿ ಸೈಕಲ್ಲಿನ ಬ್ರೇಕು ಕಿರ್ರೆಂದಿತು. ಶಿವಶರಣ! ಅವನ ಅವ್ವ ಕಮಲವ್ವ ಕರಿದ ಸಂಡಿಗೆ ತರಲು ಒಳಗೆ ಹೋದರು.

"ನನ್ನ ಹತ್ರ ಹೇಳ್ಬಹುದಿತ್ತಲ್ಲ ಶರಣ!"

"ಅವ್ವ ವಿಸಿಟರ್ ವೀಸಾದಾಗ ಬಂದಾಳ್ರಿ. ಬೋರ್ಡು ಕೀಳೂದು ಅಪರಾಧ ಅಂತ ಓದಿ ಎದಿ ಧಸಕ್ ಅಂತು. ನೀವು ಫೋಟೋ ಬ್ಯಾರೆ ತಗೊಂಡ್ರಿ. ಹೋದ್ರ ನನ್ನ ಮಾನ ಹೋಗ್ಲಿ ಅಂದ್ಕೊಂಡೆ."

"ಆ ಫೋಟೋ ನಾನು ಯಾರಿಗೂ ತೋರಿಸಿಲ್ಲ."

"ಮತ್ತ ಏನು ಮಾಡಿದ್ರಿ?"

ಗಾನವಿಯ ಕೆನ್ನೆ ಕೆಂಪಾಯಿತು. ಕೆಂಪರಾಜುವಿನ ಮಗಳಲ್ಲವೇ!

"ಮೊದಲು ಅಪ್ಪನನ್ನ ಕರೀತೀನಿ," ಎಂದು ಮಾತು ಹಾರಿಸಿದಳು.

ಕೆಂಪರಾಜು ಬಂದರು. ತಮ್ಮ ಮೂಗಿನ ಮೇಲಿನ ಸಂಡಿಗೆ ನೋಡಿದರು. ಕಥೆಯೆಲ್ಲ ಕೇಳಿದರು.

"ನಾನು ಯಾರ್ಗೂ ಬೇಡ್ವಾದೆ ಅನ್ಕಂಡು ನಿದ್ದೆ ಬಿಟ್ಟಿದ್ನಲ್ಲ ಅಕ್ಕಾ..."

ಕಮಲವ್ವ ತಟ್ಟೆ ಮುಂದೆ ಹಿಡಿದರು. "ತಪ್ಪಾತಪ್ಪಾ, ಗೊತ್ತಾಗಲಿಲ್ಲ. ಆದ್ರ ಬ್ಯಾಡಾದವರನ್ನ ಯಾರರ ಮನೀಗೆ ಒಯ್ತಾರೇನು?"

ಕೆಂಪರಾಜು ಗಹಗಹಿಸಿ ನಕ್ಕರು. ಕಣ್ಣೊರೆಸಿಕೊಂಡರು. ಮತ್ತೆ ನಕ್ಕರು. ಸಂಡಿಗೆ ಕರುಮ್ಮೆಂದಿತು.

"ಗಾನು, ಕನ್ನಡ ಬೋರ್ಡಲ್ಲೇ ಇರ್ಲಿ ಕಣವ್ವ!"

ಮತದಾನದ ದಿನ ರಾತ್ರಿ ಊಟದ ಹೊತ್ತಿಗೆ ಮೊದಲ ಫಲಿತಾಂಶ ಬಂತು. ಕೆಂಪರಾಜು ಕೂದಲೆಳೆಯಷ್ಟು ಹಿಂದೆ. ಅಂಚೆಯಲ್ಲಿ ಬಂದ ಮತಗಳ ಎಣಿಕೆ ಇನ್ನೂ ವಾರಗಟ್ಟಲೆ. ಈ ಊರಲ್ಲಿ ಕಾರು ಚಾಲಕನಿಲ್ಲದೆ ತಾನೇ ಓಡುತ್ತದೆ, ಓಟು ಮಾತ್ರ ತೆವಳುತ್ತದೆ!

ಕೆಂಪರಾಜು ಒಳಗೆ ಕಮಲವ್ವನ ಜೊತೆ ಸಂಡಿಗೆ ಕರಿಯುತ್ತಿದ್ದರು. ಗಾನವಿ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಶಿವಶರಣ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಎದುರು ನಿಂತ.

"ನನಗ ಓಟಿಲ್ಲ ಖರೆ... ಚುನಾವಣೆಗೆ ನಿಲ್ಲಬಹುದೇನ್ರಿ?"

"ಯಾವ ಸೀಟಿಗೆ?"

ಅವನು ಅವಳ ಪಕ್ಕದ ಖಾಲಿ ಮೆಟ್ಟಿಲು ತೋರಿಸಿದ. "ಗಾನವಿ... ನೀವು ಬರಬ್ಯಾಡ ಅಂದ ದಿನದಿಂದ ನನಗ ಯಾವ ರಸ್ತೀನೂ ಬ್ಯಾಡಾಗೈತಿ."

ಅವಳ ಎದೆಯಲ್ಲಿ ಮೈಕೂ ಮೆರವಣಿಗೆಯೂ ಒಟ್ಟಿಗೇ ಹೊರಟವು. ಸೆರಗಿಲ್ಲದ ಹುಡುಗಿ ಜಾಕೆಟ್ಟಿನ ತುದಿ ಹಿಡಿದು ಸರಿದು ಜಾಗ ಮಾಡಿದಳು.

"ಕೂತ್ಕೊಳ್ಳಿ... ಅವಿರೋಧ ಆಯ್ಕೆ."

ಅವನು ಕೂತ. ಭುಜಕ್ಕೆ ಭುಜ ತಾಗಿತು.

"ಅವಧಿ ಎಷ್ಟ್ರಿ?" ಮೆಲ್ಲಗೆ ಕೇಳಿದ.

ಗಾನವಿ ಅವನ ಭುಜಕ್ಕೆ ತಲೆಯಾನಿಸಿದಳು.

"ಈ ಸೀಟಿಗೆ ಮರುಚುನಾವಣೆನೇ ಇಲ್ಲ ರೀ..."