ಅಜ್ಜಿಯ ಮೊಣಕಾಲು, ಅಪ್ಪನ ಕೆಲಸ

ಮೈಕು ಇನ್ನೂ ಮೊಣಕಾಲಜ್ಜಿಯ ಕೈಯಲ್ಲೇ ಇತ್ತು.

“ನನ್ನ ಬಲಗಡೆ ಮೊಣಕಾಲಿಗೋಸ್ಕರ ಎಲ್ರೂ ಪ್ರಾರ್ಥನೆ ಮಾಡಿ,” ಅಂದರು ಅಜ್ಜಿ. ನಾಲ್ಕು ವರ್ಷಗಳಿಂದ ಪ್ರತಿ ಭಾನುವಾರ ಚರ್ಚಿನಲ್ಲಿ ಅವರು ಕೇಳುತ್ತಿದ್ದುದು ಇದೊಂದನ್ನೇ. ಅದಕ್ಕೇ ಅವರಿಗೆ ಆ ಹೆಸರು. ಪಾದ್ರಿಗಳು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದನ್ನೂ ಬಿಟ್ಟಿದ್ದರು. ಅವರಿಗೆ ಬಾಯಿಪಾಠವಾಗಿತ್ತು.

ಮೈಕು ಮುಂದಿನ ಕುರ್ಚಿಗೆ, ಅಂದರೆ ರೇಡಿಯೋ ಕೈಗೆ ಬಂತು. ಐದನೇ ಕ್ಲಾಸಿನ ಈ ಹುಡುಗಿಗೆ ರೇಡಿಯೋ ಅಂತ ಹೆಸರಿಟ್ಟವನು ಅಪ್ಪ. “ಬೇರೆ ರೇಡಿಯೋಗಳಿಗೆ ಆಫ್ ಮಾಡೋ ಬಟನ್ ಇರುತ್ತೆ. ನಮ್ಮದಕ್ಕೆ ಅದನ್ನೇ ಹಾಕೋಕೆ ಮರೆತಿದಾರೆ,” ಅನ್ನುತ್ತಿದ್ದ.

ಮ್ಯಾಥ್ಸ್ ಟೆಸ್ಟಿಗೋಸ್ಕರ ಪ್ರಾರ್ಥನೆ ಮಾಡಿ ಅಂತ ಹೇಳಲು ಅವಳು ಮನೆಯಲ್ಲೇ ತಯಾರಾಗಿ ಬಂದಿದ್ದಳು. ಬಾಯಿ ತೆರೆದಳು. ಹೊರಗೆ ಬಂದದ್ದೇ ಬೇರೆ.

“ನಮ್ಮಪ್ಪಂಗೆ ಕೆಲಸ ಹೋಗಿ ಎರಡು ತಿಂಗಳಾಯ್ತು. ಮೂರು ಇಂಟರ್‌ವ್ಯೂನಲ್ಲಿ ಫೇಲ್ ಆಗಿದಾರೆ. ಬೇಗ ಕೆಲಸ ಸಿಗ್ಲಿ ಅಂತ ಪ್ರಾರ್ಥನೆ ಮಾಡಿ.”

ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿ ಕೂತಿದ್ದ ಅಪ್ಪನ ಕಿವಿಗಳು ಟೊಮೆಟೊ ಥರ ಕೆಂಪಾದವು.

ಅಪ್ಪ ಲಿಫ್ಟ್ ಮೆಕ್ಯಾನಿಕ್. ಅವನ ಕಂಪನಿ ಮುಚ್ಚಿದ ವಿಷಯ ಚರ್ಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಕೆಲಸ ಹೇಗಿದೆ ಅಂದರೆ, “ಮೇಲೆ ಕೆಳಗೆ ಓಡಾಡ್ತಾ ಇದೆ,” ಅಂತ ನಕ್ಕು ಜಾರಿಕೊಳ್ಳುತ್ತಿದ್ದ. ಇನ್ನು ಜಾರಿಕೊಳ್ಳಲು ಜಾಗವೇ ಇಲ್ಲದ ಹಾಗೆ ಮಾಡಿದ್ದಳು ಮಗಳು.

“ಅಪ್ಪಾ, ಸಾರಿ,” ಅಂದಳು ಮನೆಗೆ ಹೋಗುವ ದಾರಿಯಲ್ಲಿ.

“ಹೂಂ.”

“ಬೈಯಪ್ಪಾ.”

“ಬೈಯೋಕೇನಿದೆ? ಸುಳ್ಳೇನೂ ಹೇಳ್ಲಿಲ್ವಲ್ಲ ನೀನು.”

ಬೈದಿದ್ದರೇ ಚೆನ್ನಾಗಿತ್ತು.

ಆ ವಾರವೆಲ್ಲ ಅಪ್ಪನ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಒಬ್ಬರು ಕಂಪ್ಯೂಟರ್ ಕಲಿ ಅಂದರು. ಇನ್ನೊಬ್ಬರು ನಂಬಿಕೆ ಸಾಲದು ಅಂದರು. ಮೀಸೆ ತೆಗೆದರೆ ಚಿಕ್ಕವನ ಹಾಗೆ ಕಾಣ್ತೀಯ ಅಂತಲೂ ಯಾರೋ ಅಂದರು. ಕೆಲಸ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ರೇಡಿಯೋ ತನ್ನ ಕೈಲಾದದ್ದು ಮಾಡಿದಳು. ಹಲ್ಲುಜ್ಜುವಾಗ, ಶೂ ಹಾಕುವಾಗ, ಟೆಸ್ಟಿನಲ್ಲಿ ಭಾಗಾಕಾರ ಮಾಡುವಾಗಲೂ ಅಪ್ಪನಿಗಾಗಿ ಪ್ರಾರ್ಥಿಸಿದಳು. ಭಾಗಾಕಾರ ತಪ್ಪಾಯಿತು. ಕೆಲಸವೂ ಸಿಗಲಿಲ್ಲ. ದೇವರಿಗೆ ಕೇಳಿಸುತ್ತೋ ಇಲ್ಲವೋ ಅಂತ ಅವಳಿಗೆ ಮೊದಲ ಸಲ ಅನುಮಾನ ಬಂತು. ಊರಿಗೆಲ್ಲ ಕೇಳಿಸುವ ತನ್ನ ಗಂಟಲು ದೇವರೊಬ್ಬನಿಗೆ ಕೇಳಿಸದೆ ಹೋದರೆ ಏನು ಬಂತು?

ಗುರುವಾರ ಅಪ್ಪ ನಾಲ್ಕನೇ ಇಂಟರ್‌ವ್ಯೂಗೆ ಹೋಗಿಬಂದ. ಮೊದಲಾದರೆ ಬರುವಾಗಲೇ ಒಂದು ಜೋಕ್ ತರುತ್ತಿದ್ದ. “ಹೋದ ವಾರ ಅನುಭವ ಜಾಸ್ತಿ ಅಂದ್ರು, ಈ ವಾರ ಕಡಿಮೆ ಅಂದ್ರು. ಮಧ್ಯೆ ಎಲ್ಲಿ ಬೀಳಿಸ್ಕೊಂಡ್ನೋ ಏನೋ,” ಅಂತ ಜೇಬು ತಡಕಿ ನಗಿಸುತ್ತಿದ್ದ. ಈ ಸಲ “ಆಗ್ಲಿಲ್ಲ,” ಅಂದವನೇ ರೂಮಿಗೆ ಹೋದ.

ಭಾನುವಾರ ಬೆಳಿಗ್ಗೆ ಅಮ್ಮ ಆಸ್ಪತ್ರೆಯ ಲಾಂಡ್ರಿಗೆ ಡ್ಯೂಟಿಗೆ ಹೋಗಿದ್ದಳು. ಅಪ್ಪನ ರೂಮಿನ ಬಾಗಿಲು ಹಾಕಿಯೇ ಇತ್ತು.

“ನೀನು ಹೋಗ್ಬಾ ಪುಟ್ಟಿ. ನಾನು ಬರಲ್ಲ,” ಅಂದ ಒಳಗಿನಿಂದ. “ಇವತ್ತಷ್ಟೇ ಅಲ್ಲ, ಇನ್ಮೇಲೂ ಬರಲ್ಲ.”

ಬೀದಿಯ ಕೊನೆಗಿದ್ದ ಚರ್ಚಿಗೆ ಅವಳು ಒಬ್ಬಳೇ ಹೋದಳು. ಆರಾಧನೆ ಶುರುವಾಗಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಹಾಲಿನಲ್ಲಿ ಮೊಣಕಾಲಜ್ಜಿ ಮಾತ್ರ ಇದ್ದರು. ನಿಧಾನ ನಡೆಯುವವರಾದ್ದರಿಂದ ಅವರು ಎಲ್ಲರಿಗಿಂತ ಮೊದಲೇ ಹೊರಡುತ್ತಿದ್ದರು.

ಬಾಯಿ ಬಿಡಬಾರದು ಅಂತ ರೇಡಿಯೋ ಆಣೆ ಮಾಡಿಕೊಂಡಿದ್ದಳು. ಅದು ಎರಡು ನಿಮಿಷ ಬಾಳಿತು.

“ಅಜ್ಜಿ, ನಿಮ್ಮ ಮೊಣಕಾಲು ವಾಸಿಯಾಗ್ಲೇ ಇಲ್ವಲ್ಲ. ಮತ್ಯಾಕೆ ಕೇಳ್ತಾನೇ ಇರ್ತೀರ?”

ಅಜ್ಜಿ ಗೊಳ್ಳನೆ ನಕ್ಕರು. “ದೇವರಿಗೂ ಬೇಜಾರಾಗಿರ್ಬೇಕು ಅಲ್ವಾ? ಬಂದ್ಲಪ್ಪ ಮತ್ತೆ ಆ ಮೊಣಕಾಲು ಅಂತ! ನಾನೂ ಜಗಳ ಆಡಿದೀನಿ ಅವನ ಹತ್ರ. ಒಂದು ತಿಂಗಳು ಮಾತು ಬಿಟ್ಟಿದ್ದೆ.”

“ಆಮೇಲೆ?”

“ಮೊದಲು ಮನೇಲಿ ನಾನು, ಈ ನೋವು, ಇಬ್ರೇ ಇದ್ವಿ ಮಗು. ಒಂದಿನ ನಾಚಿಕೆ ಬಿಟ್ಟು ಇಲ್ಲಿ ಹೇಳ್ದೆ. ಈಗ ವಾರಕ್ಕೆ ಮೂರು ಜನನಾದ್ರೂ ಬಾಗಿಲು ತಟ್ಟಿ, ‘ಹೇಗಿದ್ಯಜ್ಜಿ ಮೊಣಕಾಲು?’ ಅಂತಾರೆ. ಯಾರು ಕಳಿಸ್ತಾರೆ ಅವರನ್ನ? ಅದಕ್ಕೇ ರಾಜಿ ಆದೆ. ವಾಸಿ ಮಾಡಿಲ್ಲ ಅನ್ನೋ ಸಿಟ್ಟು ಇನ್ನೂ ಸ್ವಲ್ಪ ಇದೆ, ಅದು ಬೇರೆ ಮಾತು.” ಅವರು ಸುತ್ತ ನೋಡಿದರು. “ಎಲ್ಲಿ ನಿಮ್ಮಪ್ಪ?”

“ರೂಮಲ್ಲಿ ಬಾಗಿಲು ಹಾಕ್ಕೊಂಡಿದಾರೆ. ಇನ್ಮೇಲೆ ಬರಲ್ವಂತೆ.” “ಎಲ್ಲಾ ನನ್ನಿಂದ.”

“ನೀನು ತಟ್ಟಿದ್ಯಾ?”

ಇಲ್ಲ ಅಂತ ತಲೆಯಾಡಿಸುವಾಗ ರೇಡಿಯೋಗೆ ಥಟ್ಟನೆ ಅಪ್ಪನ ಮಾತು ನೆನಪಾಯಿತು. ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡರೆ ಮೊದಲು ಏನು ಮಾಡ್ತೀಯ ಅಂತ ಅವಳು ಒಮ್ಮೆ ಕೇಳಿದ್ದಳು. “ಟೂಲ್‌ಬಾಕ್ಸ್ ಮುಟ್ಟಲ್ಲ,” ಅಂದಿದ್ದ ಅಪ್ಪ. “ಮೊದಲು ಮೂರು ಸಲ ತಟ್ಟೋದು. ನಾನು ಬಂದಿದ್ದೀನಿ, ಇಲ್ಲೇ ಇದ್ದೀನಿ ಅನ್ನೋದು. ಆಮೇಲೆ ಬಾಗಿಲು ತೆಗೆಯೋಕೆ ಅರ್ಧ ಗಂಟೆ ಆದ್ರೂ ಒಳಗಿರೋರು ತಡ್ಕೋತಾರೆ.”

“ಅಜ್ಜಿ, ಬಂದೆ!” ಅಂತ ಅವಳು ಎದ್ದು ಓಡಿದಳು.

“ನಿಮ್ಮನೆ ಎಷ್ಟನೇ ಮಹಡಿ?” ಅಜ್ಜಿ ಕೂಗಿದರು.

“ನಾಲ್ಕು!”

ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಲಿಫ್ಟ್ ಮೆಕ್ಯಾನಿಕ್ ಹುಡುಕಿಕೊಂಡ ಮನೆ ನೋಡಿ ಅಂತ ಅಪ್ಪನೇ ತನ್ನನ್ನು ಆಡಿಕೊಳ್ಳುತ್ತಿದ್ದ. ಏದುಸಿರು ಬಿಡುತ್ತಾ ಅವಳು ರೂಮಿನ ಬಾಗಿಲಿಗೆ ಬಂದಳು.

ಟಕ್, ಟಕ್, ಟಕ್.

“ನಾನು ಬಂದಿದ್ದೀನಿ. ಇಲ್ಲೇ ಇದ್ದೀನಿ. ಹೆದರ್ಕೋಬೇಡಿ.”

ಮುಂದೇನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಳು. ತುಂಬ ಹೊತ್ತಾದ ಮೇಲೆ ಒಳಗಿನಿಂದ ಅಪ್ಪನ ದನಿ ಬಂತು.

“ಒಳಗೆ ಎಷ್ಟು ಜನ ಇದ್ದೀರಿ ಅಂತ ಕೇಳ್ಬೇಕು. ಅದನ್ನ ಮರೆತೆ ನೀನು.”

ಅವಳು ಕಣ್ಣೊರೆಸಿಕೊಂಡಳು. “ಒಳಗೆ ಎಷ್ಟು ಜನ ಇದ್ದೀರಿ?”

“ಒಬ್ನೇ,” ಅಂದ ಅಪ್ಪ. “ಹೊರಗೆ?”

“ನಾನೂ ಒಬ್ಳೇ.”

ಅಷ್ಟರಲ್ಲಿ ಹೊರಬಾಗಿಲನ್ನು ಯಾರೋ ತಟ್ಟಿದರು. ಓಡಿಹೋಗಿ ತೆಗೆದರೆ, ಗೋಡೆ ಹಿಡಿದು ನಿಂತಿದ್ದರು ಮೊಣಕಾಲಜ್ಜಿ. ಮುಖವೆಲ್ಲ ಬೆವರು. ಕಾಲು ಗಡಗಡ ನಡುಗುತ್ತಿತ್ತು.

“ಅಪ್ಪಾ! ಹೊರಗೆ ಈಗ ಇಬ್ರು!” ರೇಡಿಯೋ ಕಿರುಚಿದಳು.

“ಹತ್ತೋದೇನೋ ಹತ್ತಿಬಿಟ್ಟೆ,” ಅಜ್ಜಿ ಉಸಿರೆಳೆದುಕೊಂಡು ಗಟ್ಟಿಯಾಗಿ ಹೇಳಿದರು. “ಇಳಿಯೋದು ನನ್ನ ಕೈಲಾಗಲ್ಲಪ್ಪ. ಜನರನ್ನ ಮೇಲೆ ಕೆಳಗೆ ಓಡಾಡ್ಸೋರು ಯಾರೋ ಇದಾರಂತಲ್ಲ ಇಲ್ಲಿ?”

ಒಳಗೆ ಚಿಲಕ ಸರಿಯಿತು. ಬಾಗಿಲು ತೆರೆದು ಅಪ್ಪ ಬಂದ, ಗಡ್ಡ ಬಿಟ್ಟುಕೊಂಡು, ಕೆದರಿದ ಕೂದಲಲ್ಲಿ. ಅಜ್ಜಿಯ ಕಾಲು ನೋಡಿದ. ಅವರನ್ನು ಕುರ್ಚಿಯಲ್ಲಿ ಕೂರಿಸಿ ನೀರು ತಂದುಕೊಟ್ಟ. ಆಮೇಲೆ ಮುಖ ತೊಳೆದು ಶರ್ಟ್ ಬದಲಿಸಿದ.

ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಅಜ್ಜಿಯ ಒಂದು ಕೈ ಅಪ್ಪನ ಹೆಗಲ ಮೇಲೆ, ಇನ್ನೊಂದು ರೇಡಿಯೋ ಹೆಗಲ ಮೇಲೆ. ಚರ್ಚಿಗೆ ಬರುವಾಗ ಮೊದಲ ಹಾಡು ಮುಗಿದಿತ್ತು.

ಪ್ರಾರ್ಥನೆಯ ಹೊತ್ತಿಗೆ ಮೈಕು ಬಂದಾಗ ಅಪ್ಪ ಅದನ್ನು ಪಕ್ಕಕ್ಕೆ ದಾಟಿಸಲಿಲ್ಲ. ಎದ್ದು ನಿಂತ.

“ಗುರುವಾರ ಇಂಟರ್‌ವ್ಯೂ ಇತ್ತು. ಆರನೇ ಮಹಡಿ. ನೋಡಿದ್ರೆ ಲಿಫ್ಟ್ ಮಧ್ಯೆ ನಿಂತಿದೆ, ಒಳಗೆ ಒಬ್ರು ಅಳ್ತಿದಾರೆ. ಅವರನ್ನ ಹೊರಗೆ ತೆಗೆದು, ರಿಪೇರಿ ಮಾಡಿ ಮೇಲೆ ಹೋಗೋಷ್ಟರಲ್ಲಿ ಒಂದು ಗಂಟೆ ಲೇಟು. ಟೈಮಿಗೆ ಬರದೋರು ಬೇಡ ಅಂದ್ರು. ಅದೂ ಲಿಫ್ಟ್ ಮೆಕ್ಯಾನಿಕ್ ಕೆಲಸಕ್ಕೆ!” ಅಪ್ಪ ತಲೆ ಕೆರೆದುಕೊಂಡ. “ಇಳಿಯುವಾಗ ಅದರಲ್ಲೇ ಇಳಿದೆ. ಚೆನ್ನಾಗಿ ಓಡ್ತಾ ಇದೆ.”

ಇಡೀ ಹಾಲು ನಕ್ಕಿತು. ಅಪ್ಪನೂ ನಕ್ಕ. ನಗುನಗುತ್ತಲೇ ಅವನ ದನಿ ಒಡೆಯಿತು. “ಕೆಲಸ ಇನ್ನೂ ಸಿಕ್ಕಿಲ್ಲ. ತುಂಬ ಕಷ್ಟ ಆಗ್ತಿದೆ. ಪ್ರಾರ್ಥನೆ ಮಾಡಿ,” ಅಂದು ಕೂತುಬಿಟ್ಟ. ಇದನ್ನು ಪಾದ್ರಿಗಳು ಪುಸ್ತಕದಲ್ಲಿ ಬರೆದುಕೊಂಡರು.

ಮೈಕು ರೇಡಿಯೋ ಕೈಗೆ ಬಂತು. ಹೇಳಬೇಕಾದ್ದು ಬಹಳ ಇತ್ತು. ಅವಳು ಅಜ್ಜಿಯ ಊದಿದ ಕಾಲನ್ನು ನೋಡಿದಳು.

“ಅಜ್ಜಿ ಮೊಣಕಾಲು,” ಅಂದಳು. ಅಷ್ಟೇ ಹೇಳಿ ಮೈಕು ದಾಟಿಸಿದಳು.

ಎಲ್ಲರೂ ಕಣ್ಣು ಮುಚ್ಚಿದರು. ಅವಳೂ ಮುಚ್ಚಿದಳು. ಆಗ ಅವಳ ಕುರ್ಚಿಯ ಬೆನ್ನಿಗೆ ಅಪ್ಪನ ಬೆರಳು ಮೆಲ್ಲಗೆ ತಾಗಿತು.

ಟಕ್, ಟಕ್, ಟಕ್.