ಕೋಸಿನ ಕೆಳಗೆ ಬಚ್ಚಿಟ್ಟ ಬ್ರೌನ್

ಸೂಪರ್‌ಮಾರ್ಕೆಟ್ಟಿನ ಫ್ರಿಜ್‌ಗಳ ಸಾಲಿನಲ್ಲಿ ಹೋಯ್ಟ್ ಎರಡೂ ಕೈಯಲ್ಲಿ ಒಂದೊಂದು ಡಬ್ಬಿ ಹಿಡಿದು ನಿಂತಿದ್ದ. ಒಮ್ಮೆ ಎಡಗೈಯದನ್ನು ನೋಡುತ್ತಿದ್ದ, ಒಮ್ಮೆ ಬಲಗೈಯದನ್ನು. ಎರಡರಲ್ಲೂ ಇದ್ದದ್ದು ಒಂದೇ, ಎಳೆ ಎಳೆಯಾಗಿ ಬಿಡಿಸಿ ಸಿಹಿ ಸಾಸಿನಲ್ಲಿ ಮುಳುಗಿಸಿಟ್ಟ ರೆಡಿಮೇಡ್ ಹಂದಿಮಾಂಸ.

ಆರ್ಡಿತ್ ಅವನನ್ನು ಕಂಡದ್ದೇ ತಳ್ಳುಗಾಡಿಯನ್ನು ಹಿಂದಕ್ಕೆ ತಿರುಗಿಸಿಬಿಡೋಣ ಅಂದುಕೊಂಡಳು. ಆದರೆ ಗಾಡಿಯ ಚಕ್ರ ಕಿರ್ರೆಂದಿತು. ಅವನು ತಲೆ ಎತ್ತಿದ. ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಎರಡೂ ಡಬ್ಬಿಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

"ಕಂಡಾಯ್ತು," ಅಂದಳು ಅವಳು. "ಮುಚ್ಚಿಟ್ಟು ಏನು ಪ್ರಯೋಜನ ಹೋಯ್ಟ್?"

"ಮಿಸ್ ಆರ್ಡಿತ್," ಅಂದ ಅವನು. ಹೆಸರಿಗೆ ಮೊದಲು ಆ ಮಿಸ್ ಸೇರಿಸಿ ಮರ್ಯಾದೆಯಿಂದ ಕರೆಯುವುದು ಅವನಿಗೆ ಮೊದಲಿನಿಂದ ಅಭ್ಯಾಸ. ಆ ಮರ್ಯಾದೆ ಒಂದು ಕುರ್ಚಿಯಷ್ಟು ಜಾಗ ಹಿಡಿದು ಇಬ್ಬರ ನಡುವೆ ಯಾವಾಗಲೂ ಕೂತಿರುತ್ತಿತ್ತು.

ಯಾರ್ಬರೊ ಮುದುಕನ ಬಾರ್ಬೆಕ್ಯೂ ಅಂಗಡಿಯ ಕಟ್ಟೆಯ ಹಿಂದೆ ಅವಳು ವರ್ಷಗಟ್ಟಲೆ ನಿಂತಿದ್ದಳು, ಕಟ್ಟೆಯ ಮುಂದೆ ಇವನು. ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವುದು ಇವನ ಕೆಲಸ. ಮಧ್ಯಾಹ್ನ ಊಟಕ್ಕೆ ಬರುವಾಗ ಅಂಗಿಯ ಮೇಲೆ, ಹುಬ್ಬಿನ ಮೇಲೆ, ಒಮ್ಮೊಮ್ಮೆ ಕಣ್ಣಿನ ರೆಪ್ಪೆಯ ಮೇಲೂ ಹತ್ತಿಯ ಎಳೆ ಅಂಟಿರುತ್ತಿತ್ತು. ಆ ರೆಪ್ಪೆಯ ಎಳೆಯನ್ನು ಬೆರಳ ತುದಿಯಲ್ಲಿ ತೆಗೆದುಬಿಡಬೇಕು ಅಂತ ಅವಳಿಗೆ ಎಷ್ಟು ಸಲ ಅನ್ನಿಸಿತ್ತೋ. ಬದಲಿಗೆ ಅವಳು ಬನ್ ಕತ್ತರಿಸುತ್ತಿದ್ದಳು. "ಬ್ರೌನ್ ಇದ್ದರೆ ಸ್ವಲ್ಪ," ಅನ್ನುತ್ತಿದ್ದ ಅವನು ಪ್ರತಿ ಸಲ, ಇಲ್ಲದಿದ್ದರೂ ಪರವಾಗಿಲ್ಲ ಎನ್ನುವ ದನಿಯಲ್ಲಿ.

ಬ್ರೌನ್ ಅಂದರೆ ಮಾಂಸದ ಹೊರಮೈ. ಹಿಕರಿ ಕಟ್ಟಿಗೆಯ ಹೊಗೆ ಕುಡಿದು ಕುಡಿದು ಕಂದಾಗಿ, ಅಂಚು ಗರಿಗರಿಯಾಗಿ, ಕಚ್ಚಿದರೆ ಬೆಂಕಿಯ ನೆನಪು ಬರುವಂಥ ಚೂರು. ಒಂದು ಇಡೀ ತೊಡೆ ಬೇಯಿಸಿದರೂ ಬ್ರೌನ್ ಸಿಗುವುದು ಒಂದು ಹಿಡಿ. ಅದಕ್ಕಾಗಿ ಆ ಊರಿನ ದೊಡ್ಡ ಮನುಷ್ಯರೂ ಸಾಲಿನಲ್ಲಿ ಮಕ್ಕಳ ಹಾಗೆ ಜಗಳವಾಡುತ್ತಿದ್ದರು. ಆರ್ಡಿತ್ ಎಲ್ಲರಿಗೂ "ಮುಗೀತು" ಅನ್ನುತ್ತಿದ್ದಳು. ಹೋಯ್ಟ್‌ಗೂ "ನೋಡ್ತೀನಿ" ಎಂದಷ್ಟೇ ಅಂದು, ಅವನ ಬನ್ನಿನಲ್ಲಿ ಮೊದಲು ಆ ಹಿಡಿ ಬ್ರೌನ್ ಇಟ್ಟು, ಮೇಲೆ ಖಾರ ಹುಳಿ ಹಾಕಿ ಕಲಸಿದ ಕೋಸನ್ನು ಹರಡಿ ಮುಚ್ಚಿಬಿಡುತ್ತಿದ್ದಳು. ಹಿಂದೆ ನಿಂತವರಿಗೆ ಕಾಣಬಾರದಲ್ಲ.

ತಿಂದು ಮುಗಿಸಿ ಹೊರಡುವಾಗ ಅವನು ಟೊಪ್ಪಿ ಮುಟ್ಟಿ ಹೇಳುತ್ತಿದ್ದ: "ಯಾರ್ಬರೊ ಅವರಿಗೆ ಹೇಳಿ ಮಿಸ್ ಆರ್ಡಿತ್. ಇವತ್ತೂ ಅವರ ಕೈರುಚಿ ಚೆನ್ನಾಗಿತ್ತು."

ಹೇಳ್ತೀನಿ, ಅನ್ನುತ್ತಿದ್ದಳು. ಯಾವತ್ತೂ ಹೇಳಲಿಲ್ಲ.

ವಸಂತದಲ್ಲಿ ಯಾರ್ಬರೊ ಅವರ ಮಂಡಿಗಳು ಸೋತವು, ಅಂಗಡಿಯ ಚಿಮಣಿ ತಣ್ಣಗಾಯಿತು. ಅಂದಿನಿಂದ ಊರಿನ ಮಧ್ಯಾಹ್ನಗಳಿಗೆ ವಾಸನೆಯೇ ಇಲ್ಲ. ಅವಳ ಸ್ವೆಟರಿನಲ್ಲಿ ಮಾತ್ರ ಹಿಕರಿಯ ಹೊಗೆ ಇನ್ನೂ ಚೂರು ಉಳಿದಿತ್ತು. ಅದನ್ನು ಅವಳು ಬೇಕೆಂದೇ ಒಗೆದಿರಲಿಲ್ಲ.

ಈಗ ಅವನು ಡಬ್ಬಿಗಳನ್ನು ಮುಂದೆ ತಂದು ಸಂಕೋಚದಿಂದ ತನ್ನ ಕಷ್ಟ ಹೇಳಿಕೊಂಡ. ಬರುವ ಭಾನುವಾರ ಚರ್ಚಿನ ಅಂಗಳದಲ್ಲಿ ವರ್ಷದ ಊಟ, ಊರು ಬಿಟ್ಟವರೆಲ್ಲ ಬರುವ ದಿನ. ಮಾಂಸ ನಾನು ತರುತ್ತೇನೆ ಅಂತ ಅಂಗಡಿ ಮುಚ್ಚುವ ಮೊದಲೇ ಒಪ್ಪಿಕೊಂಡುಬಿಟ್ಟಿದ್ದ. ಹೋದ ವಾರ ಇಂಥದೇ ಒಂದು ಡಬ್ಬಿ ಒಯ್ದು ತಿಂದು ನೋಡಿದ್ದ.

"ಹೆಂಗಿತ್ತು?" ಕೇಳಿದಳು.

"ನಾನು ಕುರ್ಚಿಗೆ ತುಂಬೋ ಹತ್ತೀನ ಸಕ್ಕರೆ ನೀರಲ್ಲಿ ಅದ್ದಿ ತಿಂದಂಗೆ."

ಅವಳು ನಕ್ಕಳು. ನಗು ಮುಗಿದ ಮೇಲೂ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಫ್ರಿಜ್ಜಿನ ತಣ್ಣನೆಯ ಆವಿ ಇಬ್ಬರ ಮೊಣಕಾಲ ಹತ್ತಿರ ಮೋಡದಂತೆ ಸುಳಿಯುತ್ತಿತ್ತು.

"ಹಳೇ ಕುರ್ಚಿ ತಂದ್ರೆ ನೀವು ಮೊದಲು ಏನು ಮಾಡ್ತೀರಿ?" ಕೇಳಿದಳು ಅವಳು.

"ಹಳೇ ಬಟ್ಟೆ ಕಿತ್ತು ಹಾಕ್ತೀನಿ."

"ಇದಕ್ಕೂ ಅದನ್ನೇ ಮಾಡೋದು. ಶನಿವಾರ ಮಧ್ಯಾಹ್ನ ಬಂದು ತೋರಿಸ್ತೀನಿ. ಸೋಮವಾರದ ಮೇಲಾದ್ರೆ ನಾನು ಸಿಗಲ್ಲ."

ಯಾಕೆ ಅಂತ ಅವನು ಕೇಳಿದ. ವಿಲ್ಮಿಂಗ್ಟನ್‌ನಲ್ಲಿ, ಸಮುದ್ರದ ದಡದಲ್ಲಿ, ಅಕ್ಕ ಇದ್ದಾಳೆ, ಶಾಲೆಯೊಂದರ ಕ್ಯಾಂಟೀನಿನಲ್ಲಿ ಕೆಲಸ ನೋಡಿದ್ದಾಳೆ, ಸಾಮಾನು ಅರ್ಧ ಕಟ್ಟಾಗಿದೆ, ಸೋಮವಾರ ಬೆಳಿಗ್ಗೆ ಹೊರಡುವುದು ಅಂತ ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು. ಹೇಳಿ ಕಾದಳು.

ಅವನು ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಅಂದ: "ಸಮುದ್ರ ಚೆನ್ನಾಗಿರುತ್ತೆ."

ಇಷ್ಟೇನಾ, ಅನ್ನಿಸಿತು ಅವಳಿಗೆ.

"ಆದ್ರೆ ಆ ಕಡೆಯವರು ಸಾಸಿಗೆ ಟೊಮ್ಯಾಟೊನೇ ಹಾಕಲ್ಲ," ಅಂದ ಅವನು. "ಬರೀ ವಿನಿಗರ್ರು. ಅಂಥ ಕಡೆ ಹೋಗಿ ಹೆಂಗಿರ್ತೀರಿ?"

"ಹೋಗಬಾರದು ಅನ್ನೋಕೆ ಅದೊಂದೇ ಕಾರಣನಾ?"

ಅವನ ಕಿವಿ ಕೆಂಪಾಯಿತು. ಅವಳು ಗಾಡಿ ತಳ್ಳಿಕೊಂಡು ಮುಂದೆ ಹೋದಳು, ಕಿರ್, ಕಿರ್ ಅನ್ನಿಸುತ್ತಾ.

ಶನಿವಾರ ಬಿಸಿಲು ಜೇನಿನ ಬಣ್ಣಕ್ಕಿತ್ತು. ಅವನ ಮನೆಯ ಮುಂದಿನ ಡಾಗ್‌ವುಡ್ ಮರ ಕೆಂಪಗೆ ಎಲೆ ಉದುರಿಸುತ್ತಿತ್ತು. ಅಡುಗೆಮನೆಗೆ ಹೋಗಬೇಕಾದರೆ ಕೆಲಸದ ಶೆಡ್ಡಿನ ಒಳಗಿಂದಲೇ ದಾರಿ. ಬಟ್ಟೆ ಬಿಚ್ಚಿದ ಕುರ್ಚಿಗಳು ಮರದ ಎಲುಬು ತೋರಿಸುತ್ತಾ ನಿಂತಿದ್ದವು. ಅವುಗಳಲ್ಲೊಂದರ ಅಂಟು ಒಣಗಲೆಂದು ಮೇಲೊಂದು ಬೀಡುಕಬ್ಬಿಣದ ಬಾಣಲೆಯನ್ನು ಭಾರಕ್ಕೆ ಹೇರಿದ್ದ.

"ಇದು ಯಾರದು?"

"ಅಮ್ಮಂದು."

"ನಿಮ್ಮಮ್ಮ ಇದ್ದಿದ್ರೆ ಇದೇ ಬಾಣಲೇಲಿ ನಿಮ್ಮ ತಲೆಗೆ ಕೊಡ್ತಿದ್ರು," ಅಂದು ಅವಳು ಬಾಣಲೆಯನ್ನು ಎತ್ತಿಕೊಂಡಳು.

ಮೊದಲು ಡಬ್ಬಿಯ ಮಾಂಸವನ್ನು ತೂತಿನ ಪಾತ್ರೆಗೆ ಸುರಿದು ಬೆಚ್ಚಗಿನ ನೀರು ಹಾಯಿಸಿದಳು. ಸಿಹಿ ಸಾಸು ಕೆಂಪಗೆ ಇಳಿದು ಹೋಯಿತು. ಅಯ್ಯೋ ರುಚಿಯೆಲ್ಲ ಹೋಯಿತಲ್ಲ ಅಂತ ಅವನು ಒದ್ದಾಡಿದ. ಹೋದದ್ದು ರುಚಿ ಅಲ್ಲ, ಹಳೇ ಬಟ್ಟೆ, ಅಂದಳು. ಉಳಿದ ಎಳೆಗಳನ್ನು ಒಗೆದ ಟವೆಲಿನ ಮೇಲೆ ಹರಡಿ, ಒತ್ತಿ ಒತ್ತಿ ನೀರು ತೆಗೆಯುವುದನ್ನು ಅವನಿಗೇ ವಹಿಸಿದಳು. ಆ ಕೆಲಸ ಅವನಿಗೆ ಚೆನ್ನಾಗಿ ಬಂತು. ದೊಡ್ಡ ಕೈಗಳು, ಆದರೆ ರೇಷ್ಮೆ ಸವರುವವನಂತೆ ಸವರುತ್ತಿದ್ದ. ಅವಳು ಬೇರೆ ಕಡೆ ನೋಡಿದಳು.

ಹೊಗೆಗೆ ಏನು ಮಾಡುವುದು ಅಂತ ಅವಳು ಯೋಚಿಸುತ್ತಿರುವಾಗ ಅವನು ಹೋಗಿ ಬುಟ್ಟಿ ತುಂಬ ಮರದ ಹೊಟ್ಟು ತಂದ. ಕುರ್ಚಿಯ ಕಾಲು ಕೆತ್ತಿದಾಗ ಉದುರಿದ ಹಿಕರಿ. ಅವಳು ಮೂಸಿ ನೋಡಿ, ವಾರ್ನಿಷ್ ಇಲ್ಲ ತಾನೆ ಅಂತ ಕೇಳಿದಳು. ಕೆತ್ತಿದ್ದು ಮೊನ್ನೆ, ಬಣ್ಣ ಇನ್ನೂ ಕಂಡೇ ಇಲ್ಲ, ಅಂದ. ಹಿತ್ತಲಿನ ಇದ್ದಿಲು ಒಲೆಯಲ್ಲಿ ಕೆಂಡದ ಮೇಲೆ ಆ ಹೊಟ್ಟನ್ನು ಒದ್ದೆ ಮಾಡಿ ಉದುರಿಸಿ, ಮಾಂಸದ ತಟ್ಟೆ ಇಟ್ಟು ಮುಚ್ಚಿದರು. ಮುಚ್ಚಳದ ಸಂದಿಯಿಂದ ನೀಲಿ ಹೊಗೆ ಎದ್ದಿತು. ಇಬ್ಬರೂ ಒಂದೇ ಸಲ ಉಸಿರೆಳೆದುಕೊಂಡರು, ಒಂದೇ ಸಲ ಅದನ್ನು ಗಮನಿಸಿ ನಕ್ಕರು. ಊರಿನ ಮಧ್ಯಾಹ್ನ ವಾಪಸು ಬಂದಿತ್ತು.

ಹಿತ್ತಲ ಮೆಟ್ಟಿಲ ಮೇಲೆ ಕೂತರು. ಅವನ ರೆಪ್ಪೆಯ ಮೇಲೆ ಒಂದು ಬಿಳಿ ಎಳೆ. ಅವಳ ಕೈ ಮಡಿಲಿನಿಂದ ಎದ್ದು, ಅರ್ಧ ದಾರಿ ಹೋಗಿ, ತನ್ನದೇ ಕೂದಲು ಸರಿಮಾಡಿಕೊಂಡು ಹಿಂದಿರುಗಿತು.

ಕೊನೆಗೆ ಬಾಣಲೆ. ಚೆನ್ನಾಗಿ ಕಾಯಿಸಿ, ಒಂದಿಷ್ಟು ಕೊಬ್ಬು ಕರಗಿಸಿ, ಹೊಗೆ ತಿಂದ ಮಾಂಸದಲ್ಲಿ ಅರ್ಧವನ್ನು ತೆಳ್ಳಗೆ ಹರಡಿದಳು. ಅವನು ಸಟ್ಟುಗ ಎತ್ತಿಕೊಂಡ. ಅವಳು ಅವನ ಮಣಿಕಟ್ಟು ಹಿಡಿದಳು.

"ಕೈ ಆಡಿಸಬೇಡಿ."

"ತಳ ಹಿಡಿಯುತ್ತಲ್ಲ."

"ಹಿಡೀಲಿ. ಬ್ರೌನ್ ಆದ ಮೇಲೆ ಅದೇ ತಾನಾಗಿ ತಳ ಬಿಡುತ್ತೆ. ಅದಕ್ಕೆ ಮೊದಲು ಕೀಳೋಕೆ ಹೋದ್ರೆ ಹರಿದು ಹೋಗುತ್ತೆ."

ಮಣಿಕಟ್ಟು ಹಿಡಿದ ಕೈ ಅಲ್ಲೇ ಇತ್ತು. ಬಾಣಲೆ ಮೆಲ್ಲಗೆ ಚಟಪಟಗುಡುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಿರುವವರ ಹಾಗೆ ನಿಂತಿದ್ದರು. ಕೈ ತೆಗೆಯಬೇಕು ಎಂದು ಅವಳಿಗೆ ನೆನಪಾದದ್ದು ಅಂಚುಗಳು ಕಂದಾಗಿ ಮೇಲಕ್ಕೆ ಸುರುಟಿಕೊಂಡಾಗ. ಸಟ್ಟುಗ ತಾಗಿಸಿದಳು. ಇಡೀ ಪದರ ಎಲೆ ಉದುರಿದಷ್ಟು ಹಗುರವಾಗಿ ತಳ ಬಿಟ್ಟಿತು.

ವಿನಿಗರ್, ಒಂದು ಚೂರು ಕೆಚಪ್, ಕೆಂಪು ಮೆಣಸಿನ ತರಿ, ಉಪ್ಪು, ಚಿಟಿಕೆ ಸಕ್ಕರೆ ಕುದಿಸಿಟ್ಟಿದ್ದಳು. ಮೆತ್ತಗಿನ ಅರ್ಧವನ್ನು ಬಾಣಲೆಗೆ ಹಾಕಿ, ಮೇಲೆ ಅದನ್ನು ಚಿಮುಕಿಸಿದಾಗ ಹುಳಿ ಆವಿ ಕಣ್ಣಿಗೆ ಹೊಡೆಯಿತು. ಅವನಿಗೊಂದು ಬನ್ ಮಾಡಿ ಕೊಟ್ಟಳು. ಮೊದಲ ತುತ್ತಿಗೇ ಅವನು ಅಗಿಯುವುದನ್ನು ನಿಲ್ಲಿಸಿದ. ಮೇಲಿನ ಬನ್ ಎತ್ತಿ, ಕೋಸು ಸರಿಸಿ ನೋಡಿದ.

"ಬ್ರೌನ್ ಕೋಸಿನ ಕೆಳಗೆ ಯಾಕಿದೆ?"

ಅವಳ ಕೈ ತನ್ನಷ್ಟಕ್ಕೆ ಹಳೇ ಕೆಲಸ ಮಾಡಿಬಿಟ್ಟಿತ್ತು.

"ಅಭ್ಯಾಸ," ಅಂದಳು.

"ಅಂಗಡೀಲಿ ಎಲ್ಲರಿಗೂ ಹಿಂಗೇ ಇಡ್ತಿದ್ರಾ?"

ಅವಳು ಬಾಣಲೆ ಒರೆಸಲು ತೊಡಗಿದಳು. ಸೋಪು ಹಾಕಬೇಡಿ, ಎಣ್ಣೆ ಸವರಿ ಇಡಿ, ನಾಳೆಗೆ ಉಳಿದ ಡಬ್ಬಿಗಳನ್ನೂ ಹೀಗೇ ಮಾಡಿ ಅಂತ ಬೇಡದ್ದೆಲ್ಲ ಹೇಳಿದಳು. ಸಾಮಾನು ಕಟ್ಟುವುದಿದೆ ಅಂತ ಹೊರಟೂಬಿಟ್ಟಳು. ಡಾಗ್‌ವುಡ್ ಮರದವರೆಗೆ ಹೋಗಿ ತಿರುಗಿ ನೋಡಿದರೆ ಅವನು ಬಾಗಿಲಲ್ಲಿ, ಅರ್ಧ ತಿಂದ ಬನ್ ಹಿಡಿದು, ಹಾಗೇ ನಿಂತಿದ್ದ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಓಕ್ ಮರಗಳ ಕೆಳಗೆ ಉದ್ದ ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಹೋಯ್ಟ್ ಒಗೆದ ಅಂಗಿ ತೊಟ್ಟು ಬಡಿಸಲು ನಿಂತಿದ್ದ. ಸಾಲಿನಲ್ಲಿ ಆಗಲೇ ಗುಸುಗುಸು. ರುಚಿಯೇನೋ ಅಂಗಡಿಯದೇ, ಯಾರ್ಬರೊ ಕದ್ದು ಒಲೆ ಹಚ್ಚಿದರೇನು ಅಂತ ಕೆಲವರು. ಆದರೆ ಬ್ರೌನ್ ಎಲ್ಲಿ ಅಂತ ಎಲ್ಲರೂ. ಹೋಯ್ಟ್ ಯಾರ ಮುಖವನ್ನೂ ನೋಡದೆ, ಮುಗೀತು, ಅನ್ನುತ್ತಿದ್ದ.

ಆರ್ಡಿತ್ ಸಾಲಿನ ಕೊನೆಯಲ್ಲಿ ಬಂದಳು. ಅವಳ ಬನ್ ಅನ್ನು ಅವನು ಮೊದಲೇ ಮಾಡಿಟ್ಟಿದ್ದ, ಕಾಗದದಲ್ಲಿ ಸುತ್ತಿ. ಕೊಡುವಾಗಲೂ ಕಣ್ಣೆತ್ತಿ ನೋಡಲಿಲ್ಲ. ಆಯಿತು, ಅಂದುಕೊಂಡಳು ಅವಳು. ನಾಳೆ ಬೆಳಿಗ್ಗೆ ಬಸ್ಸು. ದೂರದ ಬೆಂಚಿನಲ್ಲಿ ಯಾರ್ಬರೊ ಮುದುಕನ ಪಕ್ಕ ಹೋಗಿ ಕೂತಳು.

ಯಾರ್ಬರೊ ತಮ್ಮ ತಟ್ಟೆಯನ್ನು ಫೋರ್ಕಿನಲ್ಲಿ ಕೆದಕುತ್ತಿದ್ದರು. "ನೋಡು ಹುಡುಗಿ, ಬರೀ ಮೆತ್ತಂದು. ನನ್ನ ಅಂಗಡೀಲೂ ಹಿಂಗೇ. ಬೇಯಿಸೋನು ನಾನು, ಬ್ರೌನ್ ಮಾತ್ರ ನನಗೇ ಸಿಗ್ತಿರಲಿಲ್ಲ. ಎಲ್ಲಿಗೆ ಹೋಗ್ತಿತ್ತೋ ದೇವರಿಗೇ ಗೊತ್ತು."

ಆರ್ಡಿತ್ ಕಾಗದ ಬಿಚ್ಚಿದಳು. ಬನ್ನಿನ ಅಂಚಿನಿಂದ ಕಾಣುತ್ತಿದ್ದದ್ದು ಬರೀ ಕೋಸು. ಯಾಕೋ ಬೆರಳಿನಲ್ಲಿ ಅದನ್ನು ಮೆಲ್ಲಗೆ ಸರಿಸಿದಳು.

ಕೆಳಗೆಲ್ಲ ಬ್ರೌನ್. ಮೆತ್ತಗಿನ ಎಳೆ ಹೆಸರಿಗೂ ಇಲ್ಲ. ಅಷ್ಟು ಜನರಿಗೆ ಇಲ್ಲ ಅಂದದ್ದನ್ನೆಲ್ಲ ತಂದು ಅಲ್ಲಿ ಬಚ್ಚಿಟ್ಟಿದ್ದ.

ಓಕ್ ಎಲೆಗಳ ನಡುವಿನ ಬಿಸಿಲು ಕಣ್ಣ ಮುಂದೆ ತೇಲಾಡಿ ಮಸುಕಾಯಿತು. ತಲೆ ಎತ್ತಿದಾಗ ಅವನು ಎದುರಿಗೆ ನಿಂತಿದ್ದ, ಟೊಪ್ಪಿ ಕೈಯಲ್ಲಿ ಹಿಡಿದು.

"ಇಷ್ಟು ವರ್ಷ ಥ್ಯಾಂಕ್ಸ್ ಎಲ್ಲ ಬೇರೆಯವರಿಗೆ ಕಳಿಸಿಬಿಟ್ಟೆ," ಅಂದ. "ನಿನ್ನೆ ಆ ಬನ್ ಹಿಡ್ಕೊಂಡು ಕೂತಾಗ ಗೊತ್ತಾಯ್ತು. ದಿನಾ ಮಧ್ಯಾಹ್ನ ನನಗೆ ಒಂದು ಮಾತು ಹೇಳ್ತಿದ್ರಿ. ನಾನು ಅದನ್ನ ತಿಂದು, ಬಾಯಿ ಒರೆಸ್ಕೊಂಡು ಹೋಗ್ತಿದ್ದೆ."

ಅವನು ಬಗ್ಗಿ, ಮುದುಕನಿಗೆ ಕೇಳದಷ್ಟು ಮೆಲ್ಲಗೆ ಅಂದ:

"ಹೋಗಬೇಡ ಆರ್ಡಿತ್."

ಮಿಸ್ ಇರಲಿಲ್ಲ. ಅಷ್ಟು ಕಾಲ ನಡುವೆ ಕೂತಿದ್ದ ಆ ಕುರ್ಚಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಅವನ ರೆಪ್ಪೆಯ ಮೇಲೆ ಇವತ್ತೂ ಒಂದು ಹತ್ತಿಯ ಎಳೆ ಇತ್ತು. ಅವಳ ಕೈ ಎದ್ದಿತು. ಈ ಸಲ ಅರ್ಧ ದಾರಿಯಲ್ಲಿ ನಿಲ್ಲಲಿಲ್ಲ.

"ಸಾಮಾನು ಕಟ್ಟಿದ್ದೀನಿ," ಅಂದಳು, ಎಳೆಯನ್ನು ಬೆರಳ ತುದಿಯಲ್ಲಿ ಹಿಡಿದು ನೋಡುತ್ತಾ. "ಆದ್ರೆ ನಾನಿನ್ನೂ ತಳ ಬಿಟ್ಟಿಲ್ಲ. ಈಗ ಕಿತ್ರೆ ಹರಿದು ಹೋಗುತ್ತೆ. ಅಕ್ಕನಿಗೆ ಹಂಗೇ ಹೇಳ್ತೀನಿ."

ಅವನು ಅವಳ ಪಕ್ಕ ಕೂತ. ಅವಳು ಬನ್ ಅನ್ನು ಎರಡು ಮಾಡಿದಳು. ಅವನ ಪಾಲು ದೊಡ್ಡದಾಯಿತು, ಅದೂ ಹಳೆಯ ಅಭ್ಯಾಸವೇ. ಮುರಿದ ಅಂಚಿನಿಂದ ಗರಿಗರಿ ಚೂರೊಂದು ಬೆಂಚಿನ ಮೇಲೆ ಉದುರಿತು.

ಯಾರ್ಬರೊ ಕನ್ನಡಕ ಏರಿಸಿ ಆ ಚೂರನ್ನು ನೋಡಿದರು, ಆಮೇಲೆ ಅವಳನ್ನು, ಆಮೇಲೆ ಅವನನ್ನು.

"ಓಹೋ," ಅಂದರು. "ಇಲ್ಲಿಗೆ ಹೋಗ್ತಿತ್ತು."

ಚೂರನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಅಗಿಯುತ್ತಾ, ಇಬ್ಬರಿಗೂ ಬೆನ್ನು ತಿರುಗಿಸಿ ಕೂತರು.